ಗಣಪ್ಪನ ಮಣ್ಣಿನೊಳಗಿನ ಹುಳು

ಹೆರಿಗೆ ವಾರ್ಡಿನಿಂದ ಬಂದ ಆ ರಕ್ತದ ಸೀಸೆ ನೋಡಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಯಾರೋ ಸಲಾಯಿನ್ ಹರಿಯುತ್ತಿರುವ ಕೈಯಿಂದಲೇ ರಕ್ತ ತೆಗೆದು ಕಳಿಸಿದ್ದಾರೆ, ಅದಕ್ಕೇ ಇಷ್ಟು ತೆಳ್ಳಗಿದೆ ಎಂದುಕೊಂಡೆ. ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವ ಡಾಕ್ಟರಮ್ಮ ನಾನು. ನನಗೆ ಕಾಣುವುದು ಜನರ ರಕ್ತ, ಕಫ, ಮಲ, ಮೂತ್ರ. ಅವರ ಮುಖ ಕಾಣುವುದು ಅಪರೂಪ. ವಾರ್ಡಿಗೆ ಫೋನು ಮಾಡಿ ನಾಲ್ಕು ಬಿರುಸು ಮಾತು ಆಡಿದೆ. ಇನ್ನೊಂದು ಕೈಯಿಂದ ತೆಗೆದ ರಕ್ತ ಬಂತು. ಅದೂ ಹಾಗೇ ಇತ್ತು. ಹಿಮೋಗ್ಲೋಬಿನ್ ನಾಲ್ಕಕ್ಕಿಂತ ಕಡಿಮೆ.

ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದೆ. ಕೆಂಪು ಕಣಗಳೆಲ್ಲ ಸಣ್ಣವು, ನಡುವೆ ಬೆಳ್ಳಗೆ, ಅಂಚಿನಲ್ಲಷ್ಟೇ ಒಂದಿಷ್ಟು ಬಣ್ಣ. ಕಬ್ಬಿಣಾಂಶ ಬರಿದಾದ ರಕ್ತ. ನಮ್ಮ ಕಡೆಯ ಬಸುರಿಯರಲ್ಲಿ ಇದೇನೂ ಹೊಸದಲ್ಲ. ಆದರೆ ಕಿತ್ತಳೆ ಬಣ್ಣದ ಹರಳು ತುಂಬಿಕೊಂಡ ಇಯೋಸಿನೋಫಿಲ್ ಎಂಬ ಬಿಳಿ ಕಣಗಳು ಗಾಜು ಸರಿಸಿದಲ್ಲೆಲ್ಲ ಸಿಗುತ್ತಿದ್ದವು. ಮೈಯೊಳಗೆ ಹುಳು ಸೇರಿದಾಗ ಹೆಚ್ಚುವ ಕಣಗಳು ಅವು. ಫೋನಿನಲ್ಲಿ ಬೈದದ್ದಕ್ಕೆ ನಾಚಿಕೆಯಾಯಿತು. ಎದ್ದು ವಾರ್ಡಿಗೆ ಹೋದೆ.

ಏಳನೇ ತಿಂಗಳ ಬಸುರಿ. ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಇಪ್ಪತ್ತು ದಾಟಿದ್ದಳೋ ಇಲ್ಲವೋ. ತುಟಿಗೂ ಕೆನ್ನೆಗೂ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಊದಿದ ಕಾಲುಗಳನ್ನು ಅವಳ ಅತ್ತೆ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದಳು. ಬೆರಳ ಸಂದಿಯಲ್ಲೆಲ್ಲ ಕೆರೆದುಕೊಂಡ ಕಲೆಗಳಿದ್ದವು.

"ಕಾಲಿಗೆ ಏನಾಗೇತ್ರಿ?" ಎಂದು ಕೇಳಿದೆ.

"ಕೆಸರ ಹುಣ್ಣರಿ ಬಾಯಾರ," ಎಂದಳು ಅತ್ತೆ. "ನಮ್ಮ ಮನ್ಯಾಗ ಎಲ್ಲಾರಿಗೂ ಆಗತಾವ. ಕುಂಬಾರರು ನಾವು. ಈಗ ಗಣಪ್ಪನ ಕೆಲಸ ನಡದೈತಿ. ಕೆರಿಯಿಂದ ಮಣ್ಣ ತರೂದು, ತುಳಿಯೂದು ಹೆಣ್ಮಕ್ಕಳದಽ ಕೆಲಸ."

"ಬರಿಗಾಲಿಲೇನ?"

ಅತ್ತೆ ಕಾಲು ತಿಕ್ಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುತ್ತೀರಾ ಎಂದು ಕೇಳಿದವರನ್ನು ನೋಡುವ ನೋಟ. "ಗಣಪ್ಪ ಆಗೂ ಮಣ್ಣರಿ ಅದು. ಅದರಾಗ ಚಪ್ಪಲಿ ಹಾಕ್ಕೊಂಡ ಇಳೀತಾರೇನ್ರಿ? ಮತ್ತ ಮಣ್ಣಾಗಿನ ಕಲ್ಲು ಹಳ್ಳ ಕಾಲಿಗಿ ಹತ್ತಬೇಕಲ್ರಿ. ಒಂದ್ ಹಳ್ಳ ಉಳೀತಂದ್ರ ಒಣಗೂ ಮುಂದ ಮೂರ್ತಿ ಸೀಳತೈತಿ."

ಹಾಸಿಗೆಯ ಮೇಲಿನ ಸೊಸೆ ಕಷ್ಟಪಟ್ಟು ನಕ್ಕಳು. "ನನ್ನ ಕಾಲಿಗಿ ಸಾಸಿವಿಯಷ್ಟ ಹಳ್ಳ ಸಿಗತಾವ್ರಿ," ಎಂದಳು. ಇಷ್ಟು ಹೇಳುವುದರೊಳಗೆ ಎರಡು ಸಲ ಉಸಿರು ತೆಗೆದುಕೊಂಡಳು. ಆ ಕೆಲಸದ ಬಗ್ಗೆ ಅವಳಿಗೆ ಹೆಮ್ಮೆಯಿತ್ತು.

ಬಯಕೆ ಏನೇನು ಎಂದು ಕೇಳಿದಾಗ ಅವಳು ತಲೆ ತಗ್ಗಿಸಿದಳು. ಅತ್ತೆಯೇ ಹೇಳಿದಳು: ಸೊಸೆಗೆ ಮಣ್ಣು ತಿನ್ನುವ ಆಸೆ, ಹಸಿ ಮಣ್ಣು ತಿಂದರೆ ಹೊಟ್ಟೆ ಕೆಡುತ್ತದೆಂದು ತಾನೇ ತೆಳ್ಳಗೆ ತಟ್ಟಿ, ಹಪ್ಪಳದ ಹಾಗೆ ಸುಟ್ಟು ಕೊಡುತ್ತಿದ್ದೆನೆಂದು. ರಕ್ತದಲ್ಲಿ ಕಬ್ಬಿಣ ಇಲ್ಲದ ಬಸುರಿ ಮಣ್ಣು ಬೇಡುತ್ತಾಳೆ. ಅದು ಬಯಕೆಯಲ್ಲ, ರೋಗ ಎಂದು ಹೇಳಬೇಕಿತ್ತು. ಅತ್ತೆ ಅಷ್ಟು ಅಕ್ಕರೆಯಿಂದ ಹೇಳಿದಳೆಂದು ಸುಮ್ಮನಾದೆ.

ಅನುಮಾನ ಬಂದರೆ ಸಾಲದು, ಹುಳುವಿನ ತತ್ತಿ ಕಣ್ಣಿಗೆ ಬೀಳಬೇಕು. ಅದಕ್ಕೆ ಮಲ ಬೇಕು. ಇಲ್ಲೇ ತೊಡಕಾಯಿತು. ಸಾಲುಮಂಚಗಳ ನಡುವೆ, ಪರ ಗಂಡಸರು ಓಡಾಡುವ ಕಡೆ, ಆ ಡಬ್ಬಿ ಹಿಡಿದು ಬರುವುದು ಸೊಸೆಗೆ ಸಾವಿನಷ್ಟು ಸಂಕಟ. ಮೊದಲನೇ ಸಲ ಇಲ್ಲವೆಂದಳು. ಎರಡನೇ ಸಲ ಕೊಟ್ಟಳು, ಆದರೆ ಯಾರಿಗೂ ಹೇಳದೆ ಮಂಚದ ಕೆಳಗೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದಳು. ಅದು ನನ್ನ ಮೇಜಿಗೆ ಬರುವಾಗ ಮಧ್ಯಾಹ್ನ, ಒಣಗಿ ಗಟ್ಟಿಯಾಗಿತ್ತು. ಕೊಕ್ಕೆಹುಳುವಿನ ತತ್ತಿ ಬಲು ನಾಜೂಕು. ಹೊತ್ತು ಮೀರಿದರೆ ಒಡೆದು ಮರಿಯಾಗುತ್ತದೆ, ಇಲ್ಲವೇ ಮುದುಡಿ ಗುರುತು ಸಿಗದಂತಾಗುತ್ತದೆ. ಮರುದಿನ ಬೆಳಿಗ್ಗೆ ನಾನೇ ಹೋಗಿ, ಡಬ್ಬಿಯನ್ನು ನನ್ನ ಕೈಚೀಲದಲ್ಲಿ ಹಾಕಿಕೊಂಡು ಬಂದೆ. "ಬಾಯಾರ, ನೀವ ಹಿಡೀತೀರೇನ್ರಿ?" ಎಂದು ಆ ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡಳು.

ಗಾಜಿನ ಮೇಲೆ ಒಂದು ಹನಿ ಉಪ್ಪುನೀರು, ಕಡ್ಡಿಯ ತುದಿಯಷ್ಟು ಮಲ, ಮೇಲೊಂದು ತೆಳು ಗಾಜು. ಬೆಳಕು ಕಡಿಮೆ ಮಾಡಿ ನೋಡಬೇಕು. ಬೆಳಕು ಹೆಚ್ಚಾದರೆ ತತ್ತಿಯ ಸಿಪ್ಪೆ ಕಾಣುವುದಿಲ್ಲ. ಹುಡುಕುವ ಶ್ರಮವೇ ಬೀಳಲಿಲ್ಲ. ನೋಡಿದ ಮೊದಲ ಜಾಗದಲ್ಲೇ ಇದ್ದವು: ಅಂಡಾಕಾರ, ಬಣ್ಣವಿಲ್ಲದ ತೆಳು ಸಿಪ್ಪೆ, ಒಳಗೆ ನಾಲ್ಕಾಗಿ ಒಡೆದ ಕಣಗಳ ಗುಂಪು, ಸುತ್ತ ಸ್ವಚ್ಛ ಖಾಲಿ ಜಾಗ. ನೋಡಲು ಬಹಳ ಚಂದ. ಹಾಗನ್ನಿಸಿದ್ದಕ್ಕೆ ಆಮೇಲೆ ಬೇಸರವೂ ಆಯಿತು. ಇಷ್ಟೊಂದು ತತ್ತಿ ಇಡಬೇಕಾದರೆ ಆ ಕರುಳಿನಲ್ಲಿ ಹುಳುಗಳು ಎಷ್ಟಿರಬೇಡ! ದಾರದ ತುಂಡಿನಂಥ ಆ ಹುಳು ಕರುಳಿನ ಒಳಗೋಡೆಯನ್ನು ಕಚ್ಚಿ ಹಿಡಿದು ರಕ್ತ ಹೀರುತ್ತದೆ, ಜಾಗ ಬದಲಿಸುತ್ತದೆ, ಬಿಟ್ಟ ಜಾಗದಿಂದಲೂ ರಕ್ತ ಸೋರುತ್ತದೆ. ನೋವಿಲ್ಲ, ಜ್ವರವಿಲ್ಲ. ಮನೆಯವರು ಬಸುರಿನ ಸುಸ್ತು ಎಂದುಕೊಳ್ಳುತ್ತಾರೆ.

ಹೆರಿಗೆ ವಾರ್ಡಿನ ಹಿರಿಯ ಡಾಕ್ಟರು ನನಗಿಂತ ವಯಸ್ಸಿನಲ್ಲಿ ದೊಡ್ಡವರು, ತಾಳ್ಮೆಯ ಹೆಂಗಸು. ನಾನು ಗಾಜಿನ ವರದಿ ಹಿಡಿದು ಹೋದಾಗ ಅವರು ಸ್ಕ್ಯಾನಿನ ಚಿತ್ರ ನೋಡುತ್ತಿದ್ದರು. "ಕೂಸು ತಿಂಗಳಿಗೆ ತಕ್ಕಂಗ ಬೆಳದಿಲ್ಲ," ಎಂದರು. "ನೀರೂ ಕಡಿಮಿ ಐತಿ. ತಾಯಿಗೇ ಉಸಿರಿಲ್ಲ, ಕೂಸಿಗೆ ಎಲ್ಲಿಂದ ಬರಬೇಕು? ಆಕೀನ್ನ ಉಳಿಸಿಕೊಂಡ್ರ ದೊಡ್ಡದು. ಕೂಸಿಂದು ನನಗ ಧೈರ್ಯ ಇಲ್ಲ."

ರಕ್ತ ಕೊಡಬೇಕು, ಅದರಲ್ಲಿ ತಕರಾರಿರಲಿಲ್ಲ. ಆದರೆ ದಣಿದ ಹೃದಯಕ್ಕೆ ಒಮ್ಮೆಲೇ ರಕ್ತ ಸುರಿದರೆ ಅದು ನಿಂತೇ ಹೋಗಬಹುದು. ಬರೀ ಕೆಂಪು ಕಣಗಳ ಚೀಲ, ಹನಿ ಹನಿಯಾಗಿ, ನಡುನಡುವೆ ಮೂತ್ರ ಹೋಗುವ ಇಂಜೆಕ್ಷನ್ನು, ಪಕ್ಕದಲ್ಲಿ ಒಬ್ಬ ಸಿಸ್ಟರ್ ಕೂತೇ ಇರಬೇಕು. ಚರ್ಚೆಯಾದದ್ದು ಹುಳುವಿನ ಗುಳಿಗೆಯ ಬಗ್ಗೆ. ಹೆರಿಗೆಯಾಗುವವರೆಗೆ ತಡೆಯೋಣ, ಏನಾದರೂ ಹೆಚ್ಚುಕಡಿಮೆಯಾದರೆ ಜನ ಗುಳಿಗೆಯ ಮೇಲೇ ಹಾಕುತ್ತಾರೆ ಎಂದು ಹಿರಿಯ ಡಾಕ್ಟರ ಮಾತು. ಮೊದಲ ಮೂರು ತಿಂಗಳು ದಾಟಿದ ಬಸುರಿಗೆ ಆ ಗುಳಿಗೆ ಕೊಡಬಹುದು, ಕೊಡಲೇಬೇಕು ಎಂದು ನನ್ನ ಹಟ. "ಮ್ಯಾಲಿಂದ ನಾವು ರಕ್ತ ಹಾಕೂದು, ಕೆಳಗ ಹುಳಾ ಕುಡಿಯೂದು. ಯಾರಿಗೆ ಊಟಕ್ಕ ಹಾಕಾಕತ್ತೇವಿ ನಾವು?" ಎಂದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಉಸಿರು ಹತೋಟಿಗೆ ಬರಲಿ, ಆಮ್ಯಾಲೆ ಕೊಡೋಣ," ಎಂದು ಒಪ್ಪಿದರು.

ಎರಡನೇ ಚೀಲ ಮುಗಿಯುವ ಹೊತ್ತಿಗೆ ಅವಳು ಒಂದೇ ದಿಂಬಿನ ಮೇಲೆ ಒರಗಿಕೊಂಡಿದ್ದಳು. ಗುಳಿಗೆ ಕೊಡಲು ಹೋದರೆ ಅತ್ತೆ ಸಿಸ್ಟರಿಗೆ ಅಡ್ಡ ನಿಂತಿದ್ದಾಳೆ ಎಂದು ಕರೆ ಬಂತು. ಹೋದೆ.

"ಹೊಟ್ಯಾಗಿನ ಹುಳಾ ಸಾಯಿಸೂ ಗುಳಿಗಿ ಅಂತೀರಿ," ಎಂದಳು ಅತ್ತೆ. ಜಗಳದ ದನಿಯಲ್ಲ, ಬೇಡಿಕೊಳ್ಳುವ ದನಿ. "ಅದಽ ಹೊಟ್ಯಾಗ ಕೂಸೂ ಐತಲ್ರಿ. ಹುಳಾ ಯಾವ್ದು, ಕೂಸು ಯಾವ್ದು ಅಂತ ಗುಳಿಗಿಗೆ ಹ್ಯಾಂಗ ತಿಳೀತೈತ್ರಿ?"

ಒಳ್ಳೆಯ ಪ್ರಶ್ನೆ. ಹುಳು ಇರುವುದು ಕರುಳಿನಲ್ಲಿ, ಕೂಸು ಇರುವುದು ಬೇರೆಯೇ ಚೀಲದಲ್ಲಿ, ಗುಳಿಗೆಯ ಬಹುಪಾಲು ಕರುಳಿನಿಂದಲೇ ಹೊರಗೆ ಹೋಗುತ್ತದೆ ಎಂದು ಕೈಬೆರಳಿನಿಂದ ಹಾಸಿಗೆಯ ಮೇಲೆ ಗೆರೆ ಎಳೆದು ತೋರಿಸಿದೆ. "ಗುಳಿಗಿಯಿಂದ ಕೂಸಿಗೆ ಏನೂ ಆಗಂಗಿಲ್ಲ. ನಾ ಹೇಳಾಕತ್ತೇನಿ," ಎಂದೆ. ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಆ ಗೆರೆಯ ಮೇಲೆ ತಾನೂ ಬೆರಳಾಡಿಸಿ, "ತಗೋ ತಂಗಿ," ಎಂದಳು. ನನ್ನ ಕೈಯಿಂದಲೇ ಗುಳಿಗೆ ತೆಗೆದುಕೊಂಡು ಸೊಸೆ ಅಗಿದು ನುಂಗಿದಳು.

ನಾನು ಮೆಟ್ಟಿಲಿಳಿಯುವಾಗ ಅತ್ತೆ ಹಿಂದೆಯೇ ಬಂದಳು. ಗೋಡೆಯ ಬದಿಗೆ ಕರೆದು, ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದಳು. ನಾಲ್ಕನೇ ತಿಂಗಳಿನಲ್ಲಿ ಓಣಿಯ ಆಶಾ ಕಾರ್ಯಕರ್ತೆ ಇದೇ ಗುಳಿಗೆ ತಂದುಕೊಟ್ಟಿದ್ದಳು. ಸೊಸೆ ಮಣ್ಣು ತರಲು ಕೆರೆಗೆ ಹೋಗಿದ್ದಳು, ಗುಳಿಗೆ ಅತ್ತೆಯ ಕೈಗೆ ಬಂತು.

"ನಾ ಅದನ್ನ ಒಲ್ಯಾಗ ಹಾಕಿದ್ನಿರಿ. ಆಕಿಗಿ ಹೇಳಲಿಲ್ಲ. ನನ್ನ ಚೊಚ್ಚಲ ಬಸರಿನ್ಯಾಗ ಹುಳಾ ಬೀಳಲಿ ಅಂತ ಯಾರೋ ಮದ್ದು ಅರದು ಕುಡಿಸಿದ್ರು. ಹುಳಾ ಬಿದ್ದೂವೋ ಇಲ್ಲೋ ಗೊತ್ತಿಲ್ಲ, ಕೂಸು ಬಿತ್ತು. ಆಕಿಗೂ ಹಂಗ ಆಗಬಾರದಂತ..." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆಕಿಗಿ ಹೇಳಬ್ಯಾಡ್ರಿ ಬಾಯಾರ."

"ಹೇಳಂಗಿಲ್ಲ," ಎಂದೆ. ಹೇಳಿ ಆಗಬೇಕಾದದ್ದಾದರೂ ಏನು? ಗುಳಿಗೆ ಈಗ ಹೊಟ್ಟೆ ಸೇರಿತ್ತು.

ನಂತರದ ದಿನಗಳು ಚೆನ್ನಾಗಿದ್ದವು. ನಾಲಿಗೆಯ ಮೇಲೆ ಕೊಂಚ ಕೆಂಪು ಬಂತು. ಸೊಸೆ ವಾರ್ಡಿನೊಳಗೆ ನಡೆದಾಡಿದಳು, ಜೋಳದ ರೊಟ್ಟಿ ಬೇಕೆಂದು ಕೇಳಿದಳು. ಅವಳ ಗಂಡನಿಗೆ ಹೇಳಿ ಮನೆಯ ಮಣ್ಣಿನ ಗುಡ್ಡೆಯಿಂದ ಒಂದು ಮುದ್ದೆ ತರಿಸಿಕೊಂಡೆ. ತೆಳು ಅರಿವೆಯಲ್ಲಿ ಆ ಮಣ್ಣು ಕಟ್ಟಿ, ಕೆಳಬಾಯಿ ಮುಚ್ಚಿದ ಆಲಿಕೆಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಗಂಟು ನೀರಿಗೆ ತಾಗುವಂತೆ ಇಳಿಬಿಟ್ಟೆ. ಮಣ್ಣಿನಲ್ಲಿ ಮರಿಹುಳುಗಳಿದ್ದರೆ ಬಿಸುಪಿಗೆ ಹೊರಬಂದು ತಳಕ್ಕೆ ಇಳಿಯುತ್ತವೆ. ಮರುದಿನ ತಳದ ನೀರು ತೆಗೆದು ನೋಡಿದಾಗ ಎಳೆಯಂಥವು ಹೊಯ್ದಾಡುತ್ತಿದ್ದವು. ಮಣ್ಣಿನಲ್ಲಿ ನಿರುಪದ್ರವಿ ಹುಳುಗಳೂ ಇರುತ್ತವೆ, ಆತುರಪಡಬಾರದು. ಅಯೋಡಿನ್ ಹಾಕಿ, ಬಾಯಿ, ಬಾಲ, ಮೈಮೇಲಿನ ಪೊರೆ ಒಂದೊಂದಾಗಿ ನೋಡಿದೆ. ಕೆಲವು ಸಾದಾ ಮಣ್ಣಿನ ಹುಳುಗಳು. ಉಳಿದವು ನಾನು ಹುಡುಕುತ್ತಿದ್ದವೇ. ಕೆರೆಯಂಚಿಗೆ ಜನ ಬಹಿರ್ದೆಸೆಗೆ ಹೋಗುತ್ತಾರೆ. ಅಲ್ಲಿಂದ ಬಂದ ಮಣ್ಣನ್ನು ಒದ್ದೆ ಗೋಣಿತಟ್ಟು ಹೊದಿಸಿ ನೆರಳಿನಲ್ಲಿಡುತ್ತಾರೆ. ಅಷ್ಟು ತಂಪು ಸಿಕ್ಕರೆ ಆ ಮರಿಗಳಿಗೆ ಬೇರೇನು ಬೇಕು? ಬರಿಗಾಲು ಸಿಕ್ಕರೆ ಸಾಕು, ಬೆರಳ ಸಂದಿಯಿಂದ ಒಳಗೆ.

ಇದನ್ನು ಹೇಳಲು ಉತ್ಸಾಹದಿಂದ ವಾರ್ಡಿಗೆ ಹೋದರೆ ಮಂಚದ ಸುತ್ತ ಪರದೆ ಎಳೆದಿತ್ತು. ಬೆಳಗಿನಿಂದ ಕೂಸು ಮಿಸುಕಿರಲಿಲ್ಲ. ಹಿರಿಯ ಡಾಕ್ಟರು ಮತ್ತೆ ಮತ್ತೆ ಸ್ಕ್ಯಾನು ಹಿಡಿದು ನೋಡಿ ತಲೆಯಾಡಿಸಿದರು. ತಾಯಿಗೆ ರಕ್ತ ಬಂದದ್ದು ತಡವಾಗಿತ್ತು. ಆ ಕೂಸು ತಿಂಗಳುಗಟ್ಟಲೆ ಅರೆಹೊಟ್ಟೆ, ಅರೆ ಉಸಿರಿನಲ್ಲಿ ಬೆಳೆದಿತ್ತು.

ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು ಕೂಸು. ಅತ್ತೆ ತನ್ನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ನನ್ನನ್ನು ದಾಟಿ ಹೋಗುವಾಗ, "ಹುಳಾನೂ ಹೋತು, ಕೂಸೂ ಹೋತು," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸಂಜೆ ಧಾರವಾಡದ ಮನೆಗೆ ಹೋಗುವ ಬಸ್ಸು ರಾಯಾಪುರ ದಾಟುವವರೆಗೆ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಅಳುತ್ತಿದ್ದೆ.

ಸೊಸೆ ಬದುಕಿದಳು. ಮನೆಗೆ ಹೋದಳು. ಕೆಲವು ವಾರಗಳ ಮೇಲೆ ಹಿರಿಯ ಡಾಕ್ಟರು ಫೋನು ಮಾಡಿದರು. ಕುಂಬಾರರ ಓಣಿಯಲ್ಲಿ ಯಾರೂ ಹುಳುವಿನ ಗುಳಿಗೆ ತೆಗೆದುಕೊಳ್ಳುತ್ತಿಲ್ಲವಂತೆ. ಅಂಗನವಾಡಿಯಲ್ಲಿ ಕೊಟ್ಟರೆ ಮಕ್ಕಳು ಮನೆಗೆ ಬಂದು ಉಗುಳುತ್ತಾರೆ, ತಾಯಂದಿರೇ ಹಾಗೆ ಹೇಳಿಕೊಟ್ಟಿದ್ದಾರೆ. ಗುಳಿಗೆ ಕೂಸು ತೆಗೆಯಿತು ಎಂದು ಸುದ್ದಿ. ಆ ಕುಂಬಾರರ ಪಕ್ಕದ ಮನೆಯಲ್ಲೇ ಐದನೇ ತಿಂಗಳ ಬಸುರಿಯೊಬ್ಬಳಿದ್ದಾಳೆ, ಅವಳೂ ಮಣ್ಣು ತುಳಿಯುವವಳು, ಅವಳ ರಕ್ತವೂ ಇಳಿಯುತ್ತಿದೆ. "ಗುಳಿಗಿ ಕೊಡಿಸಿದವರು ನೀವು. ನೀವ ಹೋಗಿ ಮಾತಾಡ್ರಿ," ಎಂದರು.

ಒಂದು ಭಾನುವಾರ ಆಶಾ ಕಾರ್ಯಕರ್ತೆಯ ಜೊತೆ ಆ ಅತ್ತೆ ಸೊಸೆಯರ ಮನೆಗೆ ಹೋದೆ. ಹೊರಗೆ ಜಿಟಿಜಿಟಿ ಮಳೆ. ಮನೆಯ ಪಡಸಾಲೆಯ ತುಂಬ ಬಣ್ಣ ಕಾಣದ ಗಣಪತಿಗಳು, ಕೆಲವಕ್ಕೆ ಇನ್ನೂ ಸೊಂಡಿಲು ಬಂದಿರಲಿಲ್ಲ. ಹಿತ್ತಲಿನ ತಗಡಿನ ಕೆಳಗೆ ಅತ್ತೆ ಸೀರೆ ಎತ್ತಿ ಕಟ್ಟಿ ಮಣ್ಣು ತುಳಿಯುತ್ತಿದ್ದಳು. ಸೊಸೆಗೆ ಆ ಕೆಲಸ ಬಿಡಿಸಿ ತಾನೇ ಇಳಿದಿದ್ದಳು. ಬರಿಗಾಲು. ಸೊಸೆ ಕಂಬಕ್ಕೊರಗಿ ಕೂತಿದ್ದಳು. ನಾವು ಬಂದದ್ದು ನೋಡಿ ಪಕ್ಕದ ಮನೆಯ ಬಸುರಿ ಹಿತ್ತಲಿನ ಬಾಗಿಲಿಗೆ ಬಂದು ನಿಂತಳು.

ಮೊದಲು ಮಣ್ಣಿನ ಮಾತಾಡಿದೆ. ನಾನು ಕಂಡದ್ದನ್ನು ಹೇಳಿದೆ. ಸೊಸೆಯ ಗಂಡ ಕೈಲಿದ್ದ ಮೂರ್ತಿ ಕೆಳಗಿಟ್ಟು ಕೇಳಿದ. ಚಪ್ಪಲಿಯ ಮಾತೇ ಎತ್ತಲಿಲ್ಲ ನಾನು. ಒಣಗಿದ ಮಣ್ಣಿನಲ್ಲಿ ಆ ಮರಿಗಳು ಉಳಿಯುವುದಿಲ್ಲ, ತಂದ ಮಣ್ಣನ್ನು ತೆಳ್ಳಗೆ ಹರವಿ ಬಿಸಿಲಿಗೆ ಚೆನ್ನಾಗಿ ಒಣಗಿಸಿ ಆಮೇಲೆ ನೆನೆಹಾಕಿದರೆ ಬರಿಗಾಲಲ್ಲೇ ತುಳಿಯಬಹುದು ಎಂದೆ.

"ಈ ಮಳ್ಯಾಗ ಬಿಸಲೆಲ್ಲಿ ತರೂದ್ರಿ?" ಎಂದ ಅವನು. ಆಮೇಲೆ ತಾನೇ, "ಬರೂ ವರ್ಷ ಬ್ಯಾಸಗ್ಯಾಗ ಮಣ್ಣ ತಂದ ಹಾಕ್ಕೊಂತೇವಿ," ಎಂದ.

ಆಗ ಸೊಸೆ ಬಾಯಿ ಬಿಟ್ಟಳು. "ಬಾಯಾರ, ಒಂದ್ ಕೇಳ್ತೇನ್ರಿ. ನಾ ಆ ಗುಳಿಗಿ ತಗೊಳ್ಳದ ಇದ್ದಿದ್ರ ಕೂಸು ಉಳೀತಿತ್ತೇನ್ರಿ?"

"ಇಲ್ಲವಾ. ಗುಳಿಗಿ ಏನೂ ಮಾಡಿಲ್ಲ. ನಿನ್ನ ಮೈಯಾಗ ರಕ್ತ ಇರಲಿಲ್ಲ, ಅದಕ್ಕ ಕೂಸು ಬೆಳೀಲಿಲ್ಲ."

"ಹುಳಾ ರಕ್ತ ಕುಡದೂವಂದ್ರಿ. ಮತ್ತ ಆ ಗುಳಿಗಿ ಮೊದಲ ಯಾಕ ಕೊಡಲಿಲ್ರಿ ನನಗ? ಎಲ್ಲಾರಿಗೂ ನಾಕನೇ ತಿಂಗಳಿಗೆ ಕೊಡತಾರಂತ."

ಆಶಾ ಕಾರ್ಯಕರ್ತೆ ಏನೋ ಹೇಳಲು ಹೋದಳು. ನಾನು ಅವಳ ಕೈ ಹಿಡಿದೆ. ಮಣ್ಣು ತುಳಿಯುವ ಸಪ್ಪಳ ನಿಂತಿತ್ತು. ನಾನು ಸುಮ್ಮನಿದ್ದರೆ ಈ ಓಣಿಯಲ್ಲಿ ಗುಳಿಗೆಯ ಮೇಲಿನ ಅಪವಾದ ಹಾಗೇ ಉಳಿಯುತ್ತದೆ, ಬಾಗಿಲಲ್ಲಿ ನಿಂತ ಆ ಬಸುರಿ ಕೊಟ್ಟ ಗುಳಿಗೆಯನ್ನು ಉಗುಳುತ್ತಾಳೆ. ಮಾತಾಡಿದರೆ ಒಬ್ಬ ಮುದುಕಿಗೆ ಕೊಟ್ಟ ಮಾತು ಹೋಗುತ್ತದೆ, ಅವಳು ತನ್ನ ಮನೆಯಲ್ಲೇ ಬದುಕಿರುವವರೆಗೆ ಅಪರಾಧಿ. ಮಾತು ಬದಲಿಸಲು ಏನು ಹೇಳಲಿ ಎಂದು ಹುಡುಕುತ್ತಿದ್ದೆ.

"ಕೊಟ್ಟಿದ್ಲವಾ," ಎಂದಳು ಅತ್ತೆ. ಮಣ್ಣಿನೊಳಗೇ ನಿಂತಿದ್ದಳು, ಮೊಣಕಾಲವರೆಗೆ ಕೆಸರು. "ನನ್ನ ಕೈಯಾಗ ಕೊಟ್ಟಿದ್ಲು. ನಾ ಒಲ್ಯಾಗ ಹಾಕಿದೆ."

ಸೊಸೆ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅತ್ತೆ ನನ್ನ ಕಡೆ ತಿರುಗಿದಳು. "ಅವತ್ತ ಆಕಿ ಅದನ್ನ ತಗೊಂಡಿದ್ರ ಕೂಸು ಉಳೀತಿತ್ತೇನ್ರಿ?"

"ಹಂಗ ಹೇಳಾಕ ಬರಂಗಿಲ್ರಿ ಅವ್ವಾರ," ಎಂದೆ. "ಹಣಿಬಾರ..."

"ನನ್ನ ಸಲುವಾಗಿ ಏನೂ ಹೇಳಬ್ಯಾಡ್ರಿ. ಆ ಬಾಗಲದಾಗ ನಿಂತಾಳಲ್ಲ, ಆಕಿ ಕಿವಿಗೊಟ್ಟ ಕೇಳಾಕತ್ತಾಳ. ಖರೇ ಹೇಳ್ರಿ."

ಪಕ್ಕದ ಮನೆಯವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಇನ್ನೊಂದು ಕೈ ಹೊಟ್ಟೆಯ ಮೇಲೆ. ನಾನು ಕೆಲಸಕ್ಕೆ ಸೇರಿದಂದಿನಿಂದ ಎಷ್ಟೋ ಕೆಟ್ಟ ವರದಿ ಬರೆದಿದ್ದೇನೆ. ಅವನ್ನು ಬಾಯಲ್ಲಿ ಹೇಳುವ ಕೆಲಸ ಯಾವಾಗಲೂ ಬೇರೆಯವರದ್ದಾಗಿತ್ತು. "ಭಾಳ ಮಟ್ಟಿಗೆ ಉಳೀತಿತ್ರಿ," ಎಂದೆ.

ಅತ್ತೆ ತಲೆಯಾಡಿಸಿದಳು. ಸೊಸೆ ಎದ್ದು ಒಳಗೆ ಹೋದಳು. ಗಂಡ ತಾಯಿಯ ಕಡೆ ನೋಡದೆ ಮೂರ್ತಿ ಎತ್ತಿಕೊಂಡ. ಆಶಾ ಕಾರ್ಯಕರ್ತೆ ಚೀಲದಿಂದ ಗುಳಿಗೆ ತೆಗೆದು ಪಕ್ಕದ ಮನೆಯವಳ ಕೈಯಲ್ಲಿಟ್ಟಳು. ಅವಳು ಅಲ್ಲೇ ಬಾಯಿಗೆ ಹಾಕಿಕೊಂಡು ಅಗಿದಳು. ಅತ್ತೆ ಅದನ್ನು ಕೊನೆಯವರೆಗೆ ನೋಡಿದಳು, ಆಮೇಲೆ ಮತ್ತೆ ಮಣ್ಣು ತುಳಿಯಲು ಶುರು ಮಾಡಿದಳು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಆ ಪಕ್ಕದ ಮನೆಯವಳು ಲ್ಯಾಬಿಗೆ ಬಂದಳು, ತೋಳಲ್ಲಿ ಗಂಡು ಕೂಸು. ಕೆನ್ನೆ ತುಂಬಿದ, ಮುಷ್ಟಿ ಬಿಗಿ ಹಿಡಿದ ಕೂಸು. ತೋರಿಸಲೆಂದೇ ಬಂದಿದ್ದಳು. ನಾನು ಎತ್ತಿಕೊಂಡೆ. ಓಣಿಯಲ್ಲೀಗ ಎಲ್ಲರೂ ಗುಳಿಗೆ ತೆಗೆದುಕೊಳ್ಳುತ್ತಾರೆಂದು ಹೇಳಿದಳು. ಅತ್ತೆ ಸೊಸೆ ಹೇಗಿದ್ದಾರೆ ಎಂದು ಕೇಳಿದೆ.

"ಸೊಸಿ ಆರಾಮ ಅದಾಳ್ರಿ. ಕೂಸಿನ್ನ ನೋಡಾಕ ಬಂದಿದ್ಲು, ಭಾಳ ಹೊತ್ತು ತೊಡಿಮ್ಯಾಲೆ ಹಾಕ್ಕೊಂಡ ಕುಂತಿದ್ಲು. ಅತ್ತಿ ಕೂಡ ಮಾತಾಡಂಗಿಲ್ರಿ. ಉಣ್ಣಾಕ ನೀಡ್ತಾಳ, ಅರಿವಿ ಒಗೀತಾಳ, ಮಾತಿಲ್ಲ."

"ಅತ್ತಿ ಬರಲಿಲ್ಲೇನ ಕೂಸು ನೋಡಾಕ?"

"ಬಂದಿದ್ರರಿ. ಬಾಗಲದ ಹೊರಗ ನಿಂತ್ರು. ಒಳಗ ಬರ್ರಿ ಅಂದೆ, ಬರಲಿಲ್ಲ. 'ಅಳತೈತೇನವಾ?' ಅಂತ ಕೇಳಿದ್ರು. 'ಅಳತೈತ್ರಿ, ಭಾಳ ಅಳತೈತಿ' ಅಂದೆ. ಇದು ಮಲಗಿತ್ರಿ ಆಗ. ಅವರು ಅಲ್ಲೇ ಥಂಡ್ಯಾಗ ನಿಂತ್ರು. ಇದು ಎದ್ದು ಅಳೂ ತನಕ ನಿಂತಿದ್ದು, ಕೇಳಿ, ಹ್ವಾದ್ರು."